ಮೊದಲು ನೀರು, ಆಮೇಲೆ ಬೆರಳು

ಲಿಂಗಸುಗೂರಿನ ಕಚೇರಿ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆಯ ಕಟ್ಟೆಯ ಮೇಲೆ ಹಸೀನಾಬೀ ನೆನೆಹಾಕಿದ್ದ ಅಂಟುವಾಳದ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಾರೆ. ಎದುರಿಗೆ ಸಂತೆಕಲ್ಲೂರಿನ ಕರಿಬಸಯ್ಯನವರು, ರಾತ್ರಿಯೇ ಬಂಡಿ ಹೂಡಿಕೊಂಡು ಬಂದವರು, ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದಾರೆ. ಇವತ್ತೇ ಶ್ರಾವಣ ಶುರು. ಸಂಜೆ ಮಠದಲ್ಲಿ ಪುರಾಣ ಹಚ್ಚಬೇಕು. ಊರಲ್ಲಿ ಪುರಾಣ ಓದುವವರು ಅವರೊಬ್ಬರೇ. ಅವರ ಕನ್ನಡಕವೋ, ಇಲ್ಲಿಯವರ ಮಾತಿನಲ್ಲಿ ಚಾಳೀಸು, ಪೂರ್ತಿ ಮಬ್ಬು ಹಿಡಿದಿದೆ.

"ಚಾಳೀಸಿಗೆ ಏನ್ ಹಚ್ಚಿ ತಿಕ್ಕೀರಿ ಅಯ್ಯನವರ?"

"ವಿಭೂತಿ ತಾಯಿ. ಹಿತ್ತಾಳಿ ತಂಬಿಗಿ ಫಳಫಳ ಆಗತೈತಲ್ಲ, ಇದೂ ಆಗತೈತಿ ಅಂದ್ಕೊಂಡೆ. ಆಗಲಿಲ್ಲ. ಮ್ಯಾಲೆ ಒಂದೀಟು ಕುಸುಬಿ ಎಣ್ಣಿ ಹಚ್ಚಿದೆ."

ಇವರ ಕೆಲಸ ನೋಡಿ ಬರೆಯಲೆಂದು ಬಂದು ಪಕ್ಕದಲ್ಲಿ ಕುಳಿತ ನನಗೆ ನಗು ತಡೆಯಲಾಗುವುದಿಲ್ಲ. ಹಸೀನಾಬೀ ನಗುವುದಿಲ್ಲ, ಅದಕ್ಕೆ ಕಾರಣವಿದೆ.

ಅವರ ಗಂಡ ದಾದೇಸಾಬ ಹೈದರಾಬಾದಿನ ಕನ್ನಡಕದಂಗಡಿಯಲ್ಲಿ ಕೆಲಸ ಕಲಿತು ಬಂದು, ಇದೇ ಕಟ್ಟೆಯ ಮೇಲೆ ಸುತ್ತಲಿನವರ ಕನ್ನಡಕ ತೊಳೆದು ಕೊಡುತ್ತಿದ್ದವರು. 1950ರಲ್ಲಿ ಜ್ವರ ಬಂದು ತೀರಿಕೊಂಡರು. ಸುದ್ದಿ ತಿಳಿಯದ ಹಳ್ಳಿಯವರು ಕನ್ನಡಕ ತರುತ್ತಲೇ ಇದ್ದರು. ವಾಪಸು ಕಳಿಸಲು ಈ ಹೆಂಗಸಿಗೆ ಮನಸ್ಸು ಬರಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಮಸ್ಕಿಯ ವ್ಯಾಪಾರಿ ಅಮರಗುಂಡಪ್ಪನವರದು. ಪಾತ್ರೆ ತಿಕ್ಕುವ ಬೂದಿಯಲ್ಲೇ ತಿಕ್ಕಿಬಿಟ್ಟರು.

"ಗಾಜಿನ ತುಂಬ ಗೀರು ಬಿದ್ವುರಿ. ಮಸ್ಕಿಗೆ ಹೋಗಿ ಸಾವ್ಕಾರ್ರ ಮುಂದ ಅತ್ತೆ. 'ಕಲಿಯೋ ಕೈ ತಪ್ಪತೈತಿ ತಂಗಿ, ಕೆಲಸ ಬಿಡಬ್ಯಾಡ' ಅಂದ್ರು."

ಬಿಡಲಿಲ್ಲ. ಇದಕ್ಕೀಗ ನಾಲ್ಕು ವರ್ಷ. ದಿನಕ್ಕೆ ಹತ್ತೋ ಹನ್ನೆರಡೋ ಜೋಡಿ, ಸಂತೆಯ ದಿನ ಇಪ್ಪತ್ತು. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದಾರಲ್ಲ, ಅಲ್ಲಿಯ ಗುಮಾಸ್ತರ ಕನ್ನಡಕ ಬಂದರೆ ಅರ್ಧ ಮಣ್ಣೇ ಇರುತ್ತದೆ.

ಅಯ್ಯನವರ ಕನ್ನಡಕದ ಮೇಲೆ ಮೊದಲು ಬರೀ ನೀರು ಸುರಿಯುತ್ತಾರೆ, ಮೂರು ತಂಬಿಗೆ. ಬೆರಳು ಸೋಕಿಸುವುದಿಲ್ಲ. "ಧೂಳು ತಾನಾಗೇ ಇಳಿದು ಹೋಗಬೇಕ್ರಿ. ನಾವು ಒತ್ತಿದ್ರ ಅದು ಗೀರತೈತಿ." ಆಮೇಲೆ ಎರಡು ಬೆರಳಿನ ನಡುವೆ ಅಂಟುವಾಳದ ನೊರೆ, ಕೂಸಿನ ಕಿವಿ ತೊಳೆದಷ್ಟು ಮೆಲ್ಲಗೆ. ಮತ್ತೆ ನೀರು. ಕೊನೆಗೆ ಒಗೆದೊಗೆದು ಮೆತ್ತಗಾದ ಮಲ್‌ಮಲ್ ತುಂಡನ್ನು ಗಾಜಿಗೆ ಆನಿಸಿ ತೇವ ಹೀರಿಸುತ್ತಾರೆ, ಉಜ್ಜುವುದಿಲ್ಲ. ಧೋತರದ ಚುಂಗಿನಿಂದ ಒರೆಸುವ ಜಾತಿಯವನು ನಾನು. ಸುಮ್ಮನೆ ನನ್ನ ಕನ್ನಡಕವನ್ನೂ ತೆಗೆದು ಅವರ ಪಕ್ಕಕ್ಕಿಡುತ್ತೇನೆ.

ಜಿಡ್ಡು ಬಿಟ್ಟಿದೆ. ಎಡಗಾಜಿನ ಅಂಚಿಗೆ ಎರಡು ಗೀರು ಮಾತ್ರ ಉಳಿದಿವೆ.

"ಇವು ಹೋಗಂಗಿಲ್ರಿ ಅಯ್ಯನವರ, ಸುಳ್ಳು ಯಾಕ ಹೇಳ್ಲಿ. ನಡುವ ಚೊಕ್ಕ ಐತಿ. ಓದಿ ನೋಡ್ರಿ."

ಅಯ್ಯನವರು ಜೋಳಿಗೆಯಿಂದ ಪುರಾಣ ತೆಗೆದು ಒಂದು ಸಾಲು ಓದುತ್ತಾರೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಳ್ಳುತ್ತಾರೆ. ಅದೇ ಸಾಲನ್ನು ಇನ್ನೊಮ್ಮೆ ಓದುತ್ತಾರೆ. ನನ್ನ ಕಣ್ಣೂ ತುಂಬುತ್ತದೆ, ಮುಚ್ಚಿಡುವುದೇಕೆ.

"ಸಂಜಿಗೆ ನೀನೂ ಬಾ ತಾಯಿ. ಮುಂದ ಕುಂತು ಕೇಳು."

"ಇನ್ನೂ ಏಳು ಜೋಡಿ ಅದಾವ್ರಿ, ಹ್ಯಾಂಗ ಬರ್ಲಿ?"

ಬಂಡಿ ಓಣಿ ದಾಟಿದ ಮೇಲೆ, ನಿಮಗೆ ಓದು ಬರುತ್ತದೆಯೇ ಎಂದು ಕೇಳುತ್ತೇನೆ.

"ಒಂದಕ್ಷರಾನೂ ಬರಂಗಿಲ್ರಿ," ಎನ್ನುತ್ತಾರೆ ಹಸೀನಾಬೀ, ಕೈ ಒರೆಸಿಕೊಳ್ಳುತ್ತಾ. "ಆದ್ರ ಇವತ್ತ ಸಂತೆಕಲ್ಲೂರಾಗ ಪುರಾಣ ನಿಲ್ಲಂಗಿಲ್ಲಲ್ರಿ. ಅದ್ರಾಗ ನನ್ನ ಕೈದೂ ಒಂದೀಟು ಐತಿ."