ಗೈಡಮ್ಮನ ಸೊಟ್ಟ ಮರ

ಉದ್ಯಾನದಲ್ಲಿ ಎಲ್ಲರೂ ಅವಳನ್ನು ಗೈಡಮ್ಮ ಎಂದೇ ಕರೆಯುತ್ತಿದ್ದರು. ಪ್ರವಾಸಿಗರನ್ನು ಗುಡ್ಡ ಹತ್ತಿಸಿ ಇಳಿಸುವುದರಲ್ಲೇ ಅವಳ ಆಯಸ್ಸು ಸವೆದಿತ್ತು. ಏರುದಾರಿಯಲ್ಲಿ ಜನ ಏದುಸಿರು ಬಿಡುತ್ತಾರೆ, ಆದರೆ "ಸುಸ್ತಾಯ್ತಾ?" ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಅದಕ್ಕೇ ಗೈಡಮ್ಮ ಒಂದು ಸೊಟ್ಟ ಮರದ ಹತ್ತಿರ ನಿಂತು, "ಈ ತೊಗಟೆ ನೋಡಿ" ಎಂದು ಕಥೆ ಶುರು ಮಾಡುತ್ತಿದ್ದಳು. ಎಲ್ಲರ ಉಸಿರು ಹದಕ್ಕೆ ಬಂದ ಮೇಲೇ ಕಥೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ತೊಗಟೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಈಚೆಗೆ ಅವಳ ಮಂಡಿಯೇ ಕೈಕೊಟ್ಟ ಮೇಲಂತೂ ಕಥೆಗೆ ಬಾಲ ಬೆಳೆದಿತ್ತು.

ಅವತ್ತು ಬೆಳಗ್ಗೆಯಿಂದ ಗುಂಪಿನ ಮೇಲೆ ಗುಂಪು. ಸಂಜೆ ಮಗಳು ಬಂದು ಮನೆಗೆ ಕರೆದುಕೊಂಡು ಹೋದಳು. ಮನೆ ಮೇಲಿನ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟು ಕೂತಿತ್ತು. "ನಿಧಾನಕ್ಕೆ ಹತ್ತು" ಎಂದಿದ್ದರೆ ಗೈಡಮ್ಮ ಸಿಡುಕುತ್ತಿದ್ದಳು. ಮಗಳು ಹಾಗೆನ್ನಲಿಲ್ಲ. ಅರ್ಧದಷ್ಟು ಮೆಟ್ಟಿಲು ಹತ್ತಿದ ಮೇಲೆ ನಿಂತು, ಗೋಡೆಯ ಮೇಲೆ ಬೆರಳಾಡಿಸಿದಳು.

"ಅಮ್ಮಾ, ಈ ಬಿರುಕು ನೋಡು. ಮೊದಲು ಇಷ್ಟುದ್ದ ಇರಲಿಲ್ಲ ಅಲ್ವಾ?"

ಗೈಡಮ್ಮ ಕಂಬಿ ಹಿಡಿದುಕೊಂಡಳು. ಬಿರುಕನ್ನು ನೋಡಿದಳು, ಆಮೇಲೆ ಮಗಳ ಮುಖ ನೋಡಿದಳು.

"ಹೌದು ಕಣೇ," ಎಂದಳು ಏದುಸಿರಿನಲ್ಲೇ. "ಈ ಬಿರುಕಿನ ಕಥೆ ಪೂರ್ತಿ ಹೇಳು. ಅವಸರ ಏನಿಲ್ಲ."