ಆಚೆ ದಂಡೆಗೆ ಬರೆದ ವರದಿ

ನಮ್ಮ ಸಣ್ಣ ಮಾಮಾ ಹದಿನಾರು ವರ್ಷಗಳ ನಂತರ, ಕಳೆದ ಸೋಮವಾರ, ತಾವು ಹುಟ್ಟಿದ ಮನೆಯಲ್ಲಿ ಊಟಕ್ಕೆ ಕುಳಿತರು. ಬೈಲಹೊಂಗಲದಿಂದ ಕಾರು ಓಡಿಸಿಕೊಂಡು ಹೋದವಳು ನಾನು. ಯರಗಟ್ಟಿ ದಾಟುವತನಕ ಅವರು ಆಡಿದ್ದು ಒಂದೇ ಮಾತು: “ಅಣ್ಣ ಏನರ ಅಂದ್ರ ನೀ ನಡಕ ಬಾಯಿ ಹಾಕಬ್ಯಾಡ.”

ಅವರು ರಿಟೈರ್ಡ್ ಶಿಕ್ಷಣಾಧಿಕಾರಿ. ಹುಟ್ಟಿದ್ದು ರಾಮದುರ್ಗ ತಾಲ್ಲೂಕಿನಲ್ಲಿ, ಮಲಪ್ರಭೆಯ ಬಡಗಣ ದಂಡೆಯ ಊರಲ್ಲಿ. ಹೆಂಡತಿ ಎದುರಿನ ತೆಂಕಣ ದಂಡೆಯವರು. (ಊರುಗಳ ಹೆಸರು ಬೇಡ. ಎರಡೂ ಕಡೆ ನನ್ನ ಓದುಗರಿದ್ದಾರೆ.)

ಎರಡೂ ಊರಿಗೆ ಸೇರಿ ಒಂದೇ ಹೈಸ್ಕೂಲ್ ಮಂಜೂರಾಗಿತ್ತು. ಎಲ್ಲಿ ಕಟ್ಟಬೇಕು? ವರದಿ ಬರೆಯುವ ಕೆಲಸ ಮಾಮಾನ ಪಾಲಿಗೆ ಬಂತು. ಸಾಹೇಬ ನಮ್ಮೂರವನೇ, ಇನ್ನೇನು ಚಿಂತೆ ಎಂದು ಬಡಗಣದವರು ಜಾಗವನ್ನೂ ನೋಡಿಟ್ಟರು.

ಮಾಮಾ ಶಾಲೆ ತೆಂಕಣ ಊರಿಗೆ ಎಂದು ಬರೆದರು.

ಬಡಗಣದ ಮಕ್ಕಳಿಗೆ ರಾಮದುರ್ಗದ ಬಸ್ಸಿತ್ತು. ಆಗಿನ್ನೂ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬುತ್ತಿದ್ದುದರಿಂದ ಆಚೆಯ ಹುಡುಗಿಯರ ಓದು ಏಳನೇ ತರಗತಿಗೇ ಮುಗಿಯುತ್ತಿತ್ತು.

“ಹೆಂಡ್ತಿ ಊರಿಗೆ ಬರದು ಕೊಟ್ಟ” ಎಂದರು ಊರವರು. ಫೈಲು ಹಿಂದಕ್ಕೆ ಬಂತು. ಮಾಮಾ ಅದನ್ನೇ ಹಿಡಿದು ಮೂರು ಸಲ ಬೆಳಗಾವಿಗೆ ಹೋದರು. ಅವರಿಗೇ ವರ್ಗವಾಯಿತು. ಆದರೂ ಬಿಡಲಿಲ್ಲ. ಕೊನೆಗೆ ಶಾಲೆ ಆಚೆಯೇ ಆಯಿತು.

ಅಲ್ಲಾದರೂ ಹಾರ ಹಾಕಿದರೇ? ಕಟ್ಟಡ ಎರಡು ವರ್ಷ ತಡವಾದಾಗ ಅವರೂ ಅಂದರು, “ಬಡಗ ದಂಡಿಯಾಂವ, ಬೇಕಂತನ ತಡಾ ಮಾಡ್ಯಾನ.”

ಸಣ್ಣ ಮಾಮಾನ ಅಣ್ಣ, ಅಂದರೆ ನಮ್ಮ ದೊಡ್ಡ ಮಾಮಾ, ವರದಿಯ ಸುದ್ದಿ ತಿಳಿದ ದಿನದಿಂದಲೇ ಮಾತು ಬಿಟ್ಟಿದ್ದರು. ಈಗ ನನ್ನ ಮಗಳ ಮದುವೆ ಹತ್ತಿರ ಬಂದಿದೆ. ಮಾಮಾಂದಿರು ಇಬ್ಬರೂ ಬೇಕೆಂದು ನಾನೇ ಹಠ ಹಿಡಿದು ಈ ಊಟಕ್ಕೆ ಒಪ್ಪಿಸಿದ್ದೆ.

ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಇಬ್ಬರೂ ತಮ್ಮ ತಮ್ಮ ತಾಟು ನೋಡುತ್ತಿದ್ದರು. ಕೊನೆಗೆ ಸಣ್ಣ ಮಾಮಾನೇ ಕೇಳಿದರು.

“ನಾ ಬರದದ್ದು ತಪ್ಪೇನು?”

“ತಪ್ಪಲ್ಲ” ಎಂದರು ಅಣ್ಣ. “ಅವತ್ತೂ ಗೊತ್ತಿತ್ತು ನನಗ. ಆದ್ರ ನಾ ಅದನ್ನ ಬಸ್ ಸ್ಟ್ಯಾಂಡಿನಾಗ ಮಂದಿ ಬಾಯಿಂದ ಕೇಳಿದೆ. ಹಿಂದಿನ ದಿನಾನ ನೀ ಇಲ್ಲೇ ಉಂಡು ಹೋಗಿದ್ದಿ. ಒಂದು ಮಾತು ಹೇಳಲಿಲ್ಲ.”

“ಹೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ. ಆದ್ರೂ ನೀ ಅದನ್ನ ಬರೀತಿದ್ದಿ. ಜಗಳಾಡತಿದ್ವಿ, ಮತ್ತ ಕೂಡಿ ಉಣತಿದ್ವಿ.”

ಅಣ್ಣ ತಮ್ಮನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಅವರು ಬೇಡ ಅನ್ನಲಿಲ್ಲ.

ಮದುವೆಗೆ ಇಬ್ಬರೂ ಬರುತ್ತಾರೆ. ನನಗೆ ಅಷ್ಟು ಸಾಕು. ಆದರೂ ಒಂದು ಪ್ರಶ್ನೆ ಉಳಿದಿದೆ.

ಬೆಳಗಾವಿಯ ಮೇಲಧಿಕಾರಿಗಳಿಗೂ ಎರಡು ದಂಡೆಯ ಮಂದಿಗೂ ಹೆದರದ ಆಫೀಸರ್, ಮನೆಯಲ್ಲಿ ಅಣ್ಣನ ಮುಂದೆ ಬಾಯಿ ಬಿಡಲು ಯಾಕೆ ಹೆದರಿದರು?