ಹಿಮದ ಮೇಲೆ ವಿಮಲಕ್ಕನ ಸಂಕಷ್ಟಿ

ವಿಮಲಕ್ಕ ಹಿಮದಲ್ಲಿ ಒಮ್ಮೆಯೂ ಬಿದ್ದವರಲ್ಲ. ಸ್ಕೀಗಳೆರಡೂ ಒಂದೊಂದು ದಿಕ್ಕಿಗೆ ಹೋಗಿ, ಟೊಪ್ಪಿಗೆ ಅಷ್ಟು ದೂರ ಹಾರಿ, ಹುಬ್ಬಿನ ತುಂಬ ಹಿಮ ಮೆತ್ತಿಕೊಂಡಿದ್ದರೂ ಶಾಂತವಾಗಿ ಹೇಳುತ್ತಿದ್ದರು: "ಬೀಳ್ಲಿಲ್ಲ ಕಣೇ, ಸ್ವಲ್ಪ ಕೂತ್ಕೊಂಡೆ."

ಸ್ವೀಡನ್ನಿನ ನಮ್ಮ ಕನ್ನಡ ಬಳಗಕ್ಕೆ ಅವರೇ ಸುಪ್ರೀಂ ಕೋರ್ಟು. ಫಿಕಾ ಎನ್ನುವ ಇಲ್ಲಿನ ಕಾಫಿ ಹೊತ್ತಿನ ಏಲಕ್ಕಿ ಬನ್ನಿಗೆ ಮೊಟ್ಟೆ ಹಾಕಿರುತ್ತಾರಲ್ಲ ಎಂದು ಯಾರಾದರೂ ಹಿಂಜರಿದರೆ, "ಕಣ್ಣಿಗೆ ಕಾಣ್ಸುತ್ತಾ? ಇಲ್ವಲ್ಲ, ತಿನ್ನು" ಎಂದು ತೀರ್ಪು ಕೊಡುತ್ತಿದ್ದರು. ಹೊಗೆಯ ಅಲಾರಂ ಕೂಗುವ ಮನೆಗಳಲ್ಲಿ ಹೋಮಕ್ಕೆ ಒಂದು ಮೇಣದಬತ್ತಿ ಸಾಕು ಎಂದವರೂ ಅವರೇ. ತಮ್ಮ ಸಂಕಷ್ಟಿಗೆ ಮಾತ್ರ ಈ ರಿಯಾಯಿತಿ ಇರಲಿಲ್ಲ. ಚಂದ್ರನನ್ನು ಕಣ್ಣಾರೆ ಕಾಣದೆ ಊಟವಿಲ್ಲ. ಟ್ರೋಲ್‌ಹೆಟ್ಟನ್ನಿನ ತಮ್ಮ ಮನೆಯ ಬಾಲ್ಕನಿಯಲ್ಲಿ ರಜಾಯಿ ಹೊದ್ದು ನಿಂತು ಮೋಡಗಳನ್ನು ಬೈಯುತ್ತಿದ್ದರು.

ನಮ್ಮ ಗಂಡಂದಿರು ಗೈಡ್ ಜೊತೆ ಉತ್ತರದ ಬೆಟ್ಟದ ಗುಡಿಸಲಿಗೆ ಸ್ಕೀಯಲ್ಲೇ ಹತ್ತಿ ಬಂದಿದ್ದರು. ಆಮೇಲೆ ವರ್ಷವಿಡೀ ಬಿಸಿಬೇಳೆಬಾತಿನ ಜೊತೆ ಆ ಬೆಟ್ಟವನ್ನೂ ನಮಗೆ ಬಡಿಸಿದರು. "ಲೇಡೀಸ್‌ಗೆಲ್ಲ ಕಷ್ಟ" ಎಂದು ವಿಮಲಕ್ಕನ ಯಜಮಾನರು ಹೇಳಿದ ಮಾರನೆಯ ದಿನವೇ ಅಕ್ಕ ನಾಲ್ವರು ಹೆಂಗಸರಿಗೆ ಅದೇ ಗುಡಿಸಲು ಬುಕ್ ಮಾಡಿದರು. ನಾನೂ ಒಬ್ಬಳು. ಬೇಡ ಎನ್ನುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿರಲಿಲ್ಲ.

ಹತ್ತುವ ದಿನವೇ ಸಂಕಷ್ಟಿ ಬಿತ್ತು. ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ಒರಟು ಪಟ್ಟಿ ಅಂಟಿಸಿಕೊಂಡು ಅರ್ಧ ಏರಿದೆವು. ಬಂಡೆಯ ಮರೆಯಲ್ಲಿ ಬುತ್ತಿ ಬಿಚ್ಚಿದಾಗ, ವಿಮಲಕ್ಕ ಏನೂ ಮುಟ್ಟದ್ದನ್ನು ನಮ್ಮ ಗೈಡ್ ಕರಿನ್ ಗಮನಿಸಿದಳು. ದೇವರಿಗೆ ಮಾತು ಕೊಟ್ಟಿದ್ದಾರೆ ಎಂದು ನಾನು ನಯವಾದ ಇಂಗ್ಲಿಷಿನಲ್ಲಿ ವಿವರಿಸಿದೆ. ಸುಸ್ತಾಗಿ ಬಿದ್ದರೆ ಆ ದೇವರು ಹೊತ್ತುಕೊಂಡು ಇಳಿಸುತ್ತಾನೆಯೇ ಎಂದು ಅವಳು ಕೇಳಿದಳು. ಒಬ್ಬರನ್ನು ಮಾತ್ರ ವಾಪಸು ಕಳಿಸುವಂತಿಲ್ಲ. ತಿನ್ನದಿದ್ದರೆ ಎಲ್ಲರೂ ಕೆಳಗೆ ಎಂದಳು.

ವಿಮಲಕ್ಕ ಮೇಲೆ ಚುಕ್ಕೆಯಂತೆ ಕಾಣುತ್ತಿದ್ದ ಗುಡಿಸಲನ್ನು ನೋಡಿದರು. ಆಮೇಲೆ ಕರಿನ್‌ಳ ಫ್ಲಾಸ್ಕನ್ನು ನೋಡಿದರು.

"ಏನೇ ಅದು, ನೇರಳೆ ಬಣ್ಣದ್ದು?"

"ಬ್ಲೂಬೆರಿ ಸೂಪ್, ಅಕ್ಕ."

"ಹಣ್ಣು ತಾನೇ? ಹಣ್ಣಿಗೆ ಗಣಪತಿ ಬೇಡ ಅನ್ನಲ್ಲ."

ಫ್ಲಾಸ್ಕ್ ಖಾಲಿಯಾಯಿತು. ನೇರಳೆ ಮೀಸೆ ಹೊತ್ತುಕೊಂಡೇ ಅವರು ಎಲ್ಲರಿಗಿಂತ ಮುಂದೆ ಹೊರಟರು, ಮೇಲೆ ಮುಟ್ಟುವವರೆಗೆ ಆಗಾಗ ಕೂತುಕೊಳ್ಳುತ್ತ.

ಸಂಜೆ ಗುಡಿಸಲಿನಲ್ಲಿ ಪಾಸ್ತಾ ಬೆಂದಿತ್ತು. ಅಕ್ಕ ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಆಕಾಶದಲ್ಲಿ ಮೋಡವಿಲ್ಲ, ಚಂದ್ರನೂ ಇಲ್ಲ. ಈ ವಾರ ಇಷ್ಟು ಉತ್ತರದಲ್ಲಿ ಚಂದ್ರ ಬೆಟ್ಟ ದಾಟಿ ಮೇಲೆ ಬರುವುದೇ ಇಲ್ಲ ಎಂದು ಕರಿನ್ ಹೇಳಿದಳು. ಹಸಿದ ಹೊಟ್ಟೆಯಲ್ಲಿ ನಾಳೆ ಇಳಿಯಲು ಬಿಡುವುದಿಲ್ಲ, ಹಿಮದ ಸ್ಕೂಟರ್ ಕರೆಸಿ ಜಾರುಬಂಡಿಯಲ್ಲಿ ಕಟ್ಟಿ ಕಳಿಸುತ್ತೇನೆ ಎಂದೂ ಸೇರಿಸಿದಳು.

"ಹುಟ್ಟೋದೇ ಇಲ್ವಂತಾ?"

ಅಕ್ಕಿ ಮೂಟೆಯ ಹಾಗೆ ಕಟ್ಟಿಸಿಕೊಂಡು ಇಳಿದರೆ ಗಂಡಂದಿರಿಗೆ ಹತ್ತು ವರ್ಷಕ್ಕೆ ಸಾಕಾಗುವಷ್ಟು ಕಥೆ. ಅಕ್ಕ ಕಿಟಕಿ ಬಿಟ್ಟು ಬಂದು, ಬೆಂಗಳೂರಿನಲ್ಲಿ ಈಗ ಗಂಟೆ ಎಷ್ಟು ಎಂದು ಕೇಳಿದರು. ಹತ್ತು ದಾಟಿರುತ್ತದೆ ಎಂದೆ.

"ಹಾಗಾದ್ರೆ ನಮ್ಮಮ್ಮ ಟೆರೇಸಿಗೆ ಹೋಗಿ ನೋಡಿರ್ತಾಳೆ. ಹೆತ್ತವಳು ನೋಡಿದ್ರೆ ನಾನು ನೋಡಿದ ಹಾಗೇನೇ. ಬೆಂಗಳೂರು ಯಾವ ಕಡೆ ಅಂತ ಇವಳನ್ನ ಕೇಳೇ."

ಕರಿನ್ ದಿಕ್ಸೂಚಿ ತೆಗೆದು ಬಹಳ ಗಂಭೀರವಾಗಿ ಸೌದೆಯ ರಾಶಿಯ ಕಡೆ ಕೈ ತೋರಿಸಿದಳು. ವಿಮಲಕ್ಕ ಸೌದೆಗೆ ಅರ್ಘ್ಯ ಬಿಟ್ಟು, ಕೈಮುಗಿದು, ಎರಡು ತಟ್ಟೆ ಪಾಸ್ತಾ ತಿಂದರು. ಮರುದಿನ ತಮ್ಮ ಸ್ಕೀಗಳ ಮೇಲೆಯೇ ಇಳಿದರು.

ಆಮೇಲೆ ಅವರ ಯಜಮಾನರಿಗೆ ಮೆಲ್ಬೋರ್ನಿನಲ್ಲಿ ಕೆಲಸವಾಯಿತು. ಈಗ ಬನ್ನಿನ ಮೊಟ್ಟೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಮೆಲ್ಬೋರ್ನಿನ ಮೊದಲ ಸಂಕಷ್ಟಿಯ ದಿನ ಅಕ್ಕ ಫೋನ್ ಮಾಡಿದ್ದರು.

"ಇಲ್ಲಿ ಚಂದ್ರ ತಲೆಕೆಳಗಾಗಿದಾನೆ ಕಣೇ. ಇವನು ನಡೀತಾನಾ?"

ನನಗೇನು ಗೊತ್ತು ಅಕ್ಕ, ನೀವೇ ಹೇಳಬೇಕು ಎಂದೆ. ಅತ್ತ ಕಡೆ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.